ಗಾಲಿಯ ಮೇಲೊಂದು ಬರ್ಸಾತಿ

ವಿದೇಶ ಪ್ರವಾಸ ಮುಗಿಸಿ ಬಂದವರು ನಮ್ಮ ಪತ್ರಿಕೆಗೆ ಲೇಖನ ಬರೆಯುವುದು ವಾಡಿಕೆ. ಹೊರಡುವ ಮೊದಲೇ ಬರೆಯಲು ಕುಳಿತವರು ಬಹುಶಃ ನಾವೇ ಮೊದಲಿಗರು. ಸಂಪಾದಕರು ಕ್ಷಮಿಸಬೇಕು. ಹೋಗಿ ಬಂದು ಬರೆಯೋಣವೆಂದರೆ ಹೋಗುವವರು ನಾವಲ್ಲ ಎಂಬುದು ಕಳೆದ ವಾರ ತೀರ್ಮಾನವಾಗಿಬಿಟ್ಟಿದೆ. ಆದರೆ ದೀಪಾವಳಿಯಿಂದ ಈಚೆಗೆ ಹಗಲಿರುಳೂ ಯೋಜನೆ ಹಾಕಿದವರು ನಾವು. ಅಷ್ಟು ಶ್ರಮವನ್ನು ಕಡತ ಕಟ್ಟಿ ಕಪಾಟಿನ ಮೇಲಿಡಲು ಗುಮಾಸ್ತನಾದವನಿಗೂ ಮನಸ್ಸು ಬಾರದು.

ನಾವಿರುವುದು ಹೌಜ್ ಖಾಸ್‌ನಲ್ಲಿ. ಹಾಗೆಂದೊಡನೆ ಸಂಘದಲ್ಲಿ ಕೆಲವರು ಹುಬ್ಬೇರಿಸುವುದುಂಟು. ಕೇಂದ್ರ ಸರ್ಕಾರದ ಯು.ಡಿ.ಸಿ.ಗೆ ಹೌಜ್ ಖಾಸ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಅವರ ಕಣ್ಣಿನಲ್ಲೇ ಇರುತ್ತದೆ. ಸ್ವಾಮೀ, ನಮ್ಮದು ಬರ್ಸಾತಿ. ದೆಹಲಿಗೆ ಹೊಸಬರಾದವರಿಗಾಗಿ ಹೇಳುತ್ತೇವೆ: ಮನೆಯ ಮಾಳಿಗೆಯ ಮೇಲೆ ಮಳೆ ಬಂದರೆ ಓಡಿ ನಿಲ್ಲಲೆಂದು ಹಿಂದಿನವರು ಕಟ್ಟಿಸುತ್ತಿದ್ದ ಕೋಣೆಗೆ ಬರ್ಸಾತಿ ಎಂದು ಹೆಸರು. ನಮ್ಮ ಮನೆಯ ಯಜಮಾನರು ಹಳೆಯ ಕಾಲದ ಸಜ್ಜನರು, ಹದಿನಾಲ್ಕು ವರ್ಷದಿಂದ ಬಾಡಿಗೆಯನ್ನು ಹೆಸರಿಗಷ್ಟೇ ಏರಿಸಿದ್ದಾರೆ. ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ವಿಶಾಲವಾದ ಮಾಳಿಗೆ. ಚಳಿಗಾಲದಲ್ಲಿ ನಮ್ಮಷ್ಟು ಸುಖಿಗಳು ಇಡೀ ದಕ್ಷಿಣ ದೆಹಲಿಯಲ್ಲಿ ಇರಲಾರರು. ಬೇಸಿಗೆಯ ಮಾತು ಬೇರೆ. ಹಗಲೆಲ್ಲ ಕಾಂಕ್ರೀಟು ಕುಡಿದ ಬಿಸಿಲನ್ನು ರಾತ್ರಿಯೆಲ್ಲ ನಮ್ಮ ತಲೆಯ ಮೇಲೆ ಕಾರುತ್ತದೆ. ಬೆಳಗಿನ ಆರು ಗಂಟೆಗೆ ನಲ್ಲಿ ತಿರುಗಿಸಿದರೆ ಟಾಕಿಯ ನೀರು ಸ್ನಾನಕ್ಕೆ ಕಾಯಿಸಿಟ್ಟಂತೆ ಬರುತ್ತದೆ.

2024ರ ಬೇಸಿಗೆಯನ್ನು ಇಲ್ಲಿದ್ದವರು ಯಾರೂ ಮರೆತಿರಲಾರರು. ಮೇ 29ರಂದು ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಎಂದು ಸುದ್ದಿಯಾಗಿ ಊರಿನಿಂದ ನೆಂಟರೆಲ್ಲ ಫೋನು ಮಾಡಿದ್ದರು. ಆಮೇಲೆ ಹವಾಮಾನ ಇಲಾಖೆಯವರು ಪರೀಕ್ಷಿಸಿ ಆ ಉಪಕರಣ ಮೂರು ಡಿಗ್ರಿ ಹೆಚ್ಚಾಗಿ ತೋರಿಸುತ್ತಿತ್ತು ಎಂದರು. ಆದರೆ ನಮ್ಮ ಪಕ್ಕದ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಅದೇ ದಿನ 46.8 ಇದ್ದದ್ದು ಸುಳ್ಳಲ್ಲ. ನಮ್ಮನ್ನು ಹಣ್ಣು ಮಾಡಿದ್ದು ಹಗಲಿಗಿಂತ ರಾತ್ರಿ. ಜೂನ್ 19ರಂದು ಕನಿಷ್ಠ ತಾಪಮಾನವೇ 35.2. ಆ ರಾತ್ರಿ ಅವ್ವ ನೀರು ಕುಡಿಯಲು ಎದ್ದವಳು ಬಚ್ಚಲ ಬಾಗಿಲಿನಲ್ಲಿ ಕುಸಿದು ಕುಳಿತಳು. ವೈದ್ಯರು ನೋಡಿ, ಬಿಸಿಲಿಗೆ ಹೋಗದಿದ್ದರೂ ಮನೆಯೊಳಗಿನ ಝಳಕ್ಕೇ ಮುದುಕರಿಗೆ ಹೀಗಾಗುತ್ತದೆ ಎಂದು ಹೇಳಿ ಎರಡು ಬಾಟಲಿ ಸಲೈನು ಹಾಕಿ ಕಳಿಸಿದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಇಟ್ಟುಕೊಳ್ಳಲಿಲ್ಲ.

ಪ್ರವಾಸದ ಬೀಜ ಬಿತ್ತಿದವನು ನಮ್ಮ ಭಾವಮೈದುನ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರು, ಒಂಟಿ ಜೀವಿ. ದೀಪಾವಳಿಯ ದಿನ ವೀಡಿಯೊ ಕರೆಯಲ್ಲಿ ಮಾತನಾಡುತ್ತ, ಬರುವ ಜೂನ್‌ನಲ್ಲಿ ನೀವು ನಾಲ್ವರೂ ಬನ್ನಿ, ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿಯೋಣ, ಹೋಟೆಲಿನ ಖರ್ಚಿಲ್ಲ, ಅಕ್ಕ ತನಗೆ ಬೇಕಾದ ಅಡಿಗೆ ಮಾಡಿಕೊಳ್ಳಬಹುದು, ಅರ್ಧ ಬಾಡಿಗೆ ನನ್ನದು ಎಂದ. ಮಗಳು ಹನ್ನೆರಡನೆಯ ತರಗತಿ ಮುಗಿಸುವವಳು, ಆಮೇಲೆ ಯಾವ ಊರಿನ ಕಾಲೇಜೋ ಯಾವ ಹಾಸ್ಟೆಲೋ. ಮಗ ಎಂಟನೆಯದು. ನಾಲ್ವರೂ ಕೂಡಿ ಒಂದು ಸಲ ಎಲ್ಲಿಗಾದರೂ ಹೋಗಿಬರುವ ಕೊನೆಯ ಬೇಸಿಗೆ ಇದೇ ಎಂದು ನಮ್ಮಾಕೆ ಹೇಳಿದ ಮೇಲೆ ಬೇರೆ ಮಾತಿರಲಿಲ್ಲ.

ಕ್ಯಾಂಪರ್‌ವ್ಯಾನ್ ಎಂದರೆ ಮನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಮೋಟಾರು. ಒಳಗೇ ಒಲೆ, ತೊಟ್ಟಿ, ಶೀತಪೆಟ್ಟಿಗೆ, ಮಡಚುವ ಹಾಸಿಗೆ. ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ಡಬ್ಬಿಯಾಕಾರದ ಸಣ್ಣ ಬಸ್ಸನ್ನು ಮಾರುಕಟ್ಟೆಗೆ ತಂದಾಗ, ವೆಸ್ಟ್‌ಫಾಲಿಯಾ ಎಂಬ ಇನ್ನೊಂದು ಕಂಪನಿ ಮರುವರ್ಷವೇ ಅದರಲ್ಲಿ ಇಡುವ ಸಂಸಾರದ ಪೆಟ್ಟಿಗೆಯೊಂದನ್ನು ತಯಾರಿಸಿತು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಅಂಥ ಗಾಡಿಗಳಲ್ಲೇ ಯೂರೋಪಿನ ಹುಡುಗ ಹುಡುಗಿಯರು ತುರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಈ ನಮ್ಮ ದೆಹಲಿಗೆ ಬಂದಿಳಿಯುತ್ತಿದ್ದರು. 1979ರ ಗಲಭೆಗಳಿಂದ ಆ ದಾರಿ ಮುಚ್ಚಿತು. ಈಗ ಅವರ ಮೊಮ್ಮಕ್ಕಳ ಊರಿಗೆ ನಾವು ಹೋಗುವ ಸರದಿ ಎಂದುಕೊಂಡೆವು.

ಸರ್ಕಾರಿ ನೌಕರನು ಪ್ರವಾಸವೆಂದೊಡನೆ ಮೊದಲು ನೆನೆಯುವುದು ಎಲ್.ಟಿ.ಸಿ.ಯನ್ನು. ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ, ನಾಲ್ಕು ವರ್ಷಕ್ಕೊಮ್ಮೆ ಬೇಕಾದರೆ ಅದರ ಬದಲು ಭಾರತದ ಯಾವುದೇ ಮೂಲೆಗೆ. ಭಾರತದ ಆಚೆ ಮಾತ್ರ ಒಂದು ಗೇಣೂ ಇಲ್ಲ. ಬ್ಯಾಂಕೊಂದರ ನೌಕರರು ದೇಶದೊಳಗಿನ ಎರಡು ಊರುಗಳ ನಡುವೆ ಪ್ರಯಾಣಿಸುವಾಗ ದಾರಿಯಲ್ಲಿ ಕೊಲಂಬೊ, ಕ್ವಾಲಾಲಂಪುರ, ಸಿಂಗಾಪುರಗಳನ್ನು ಸುತ್ತಿ ಬಂದು ಅದಕ್ಕೂ ತೆರಿಗೆ ವಿನಾಯಿತಿ ಕೇಳಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಈ ರಿಯಾಯಿತಿ ಇರುವುದು ಭಾರತದೊಳಗಿನ ಪ್ರಯಾಣಕ್ಕೆ ಮಾತ್ರವೆಂದು 2022ರ ನವೆಂಬರ್ 4ರಂದು ತೀರ್ಪಾಯಿತು. ಆ ನೌಕರರ ಭೂಗೋಳಜ್ಞಾನಕ್ಕೆ ನಮ್ಮ ನಮಸ್ಕಾರ. ನಾವು 2004ರ ನಂತರ ಸೇರಿದವರು, ಸಾಲ ತೆಗೆಯಲು ಜಿ.ಪಿ.ಎಫ್. ಕೂಡ ಇಲ್ಲ. ನಮ್ಮಾಕೆ ಶಾಲೆಯ ಸಂಬಳದಲ್ಲಿ ಐದು ವರ್ಷ ಕಟ್ಟಿದ ಆರ್.ಡಿ. ಖಾತೆಯೇ ಗತಿ.

ಹಣದ ದಾರಿ ಕಂಡ ಮೇಲೆ ಕಾಗದಗಳ ಕಾಡು. ಖಾಸಗಿ ವಿದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿ ಬೇಕು. ಯಾವ ದೇಶ, ಎಷ್ಟು ದಿನ, ಯಾರ ಹಣ ಎಂದು ನಿಗದಿತ ನಮೂನೆಯಲ್ಲಿ ತುಂಬಬೇಕು. ಗಳಿಕೆ ರಜೆ ನಮ್ಮ ಖಾತೆಯಲ್ಲಿ ಇನ್ನೂರಕ್ಕೂ ಮೇಲೆ ಬಿದ್ದಿದೆ, ಆದರೆ ವಿಭಾಗದಲ್ಲಿ ಜನವಿಲ್ಲ. ಬಹಳ ವಿನಂತಿಯ ಮೇಲೆ ಹದಿನೈದು ದಿನಕ್ಕೆ ಒಪ್ಪಿದರು, ಒಂದು ದಿನವೂ ಹೆಚ್ಚಿಲ್ಲ. ಷೆಂಗೆನ್ ವೀಸಾಕ್ಕೆ ತಲೆಗೆ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ. ಅಲ್ಲಿನ ಸಾಧಾರಣ ಕಾರಿನ ಲೈಸೆನ್ಸಿನಲ್ಲಿ 3,500 ಕಿಲೋ ತೂಕದವರೆಗಿನ ಗಾಡಿ ಮಾತ್ರ ಓಡಿಸಬಹುದಾದ್ದರಿಂದ ಬಾಡಿಗೆಯ ಗಾಡಿಗಳೂ ಹೆಚ್ಚಾಗಿ ಆ ಮಿತಿಯೊಳಗೇ ಇರುತ್ತವೆ. ಸಾರಿಗೆ ಕಚೇರಿಗೆ ಹೋಗಿ 1000 ರೂಪಾಯಿ ಕಟ್ಟಿ ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತಂದೆವು. ನಾವು ಈವರೆಗೆ ಓಡಿಸಿದ ಅತಿ ದೊಡ್ಡ ವಾಹನ ಮಾರುತಿ 800, ಅದೂ ಎಡಗಡೆಯಲ್ಲಿ. ಆದರೂ ಆ ಪುಸ್ತಿಕೆಯನ್ನು ಒಂದು ವಾರ ಕಚೇರಿಯ ಚೀಲದಲ್ಲೇ ಇಟ್ಟುಕೊಂಡು ಕೇಳಿದವರಿಗೂ ಕೇಳದವರಿಗೂ ತೋರಿಸಿದೆವು.

ಇನ್ನು ಬಿಸಿಲಿನ ವಿಚಾರ. ದೆಹಲಿಯ ಜೂನ್‌ನಿಂದ ತಪ್ಪಿಸಿಕೊಂಡು ತಣ್ಣಗಿನ ಯೂರೋಪಿಗೆ ಹೋಗುತ್ತೇವೆಂಬ ಭ್ರಮೆಯನ್ನು ಭಾವಮೈದುನನೇ ಒಡೆದ. 2019ರ ಜುಲೈ 25ರಂದು ಪ್ಯಾರಿಸ್ಸಿನಲ್ಲಿ 42.6 ಡಿಗ್ರಿ. ಅದೇ ದಿನ ಜರ್ಮನಿಯ ಲಿಂಗೆನ್ ಎಂಬಲ್ಲಿಯೂ 42.6 ಎಂದು ದಾಖಲೆಯಾಗಿ, ಮುಂದಿನ ವರ್ಷದ ಕೊನೆಗೆ ಆ ಅಂಕಿಯನ್ನು ಅವರೇ ರದ್ದು ಮಾಡಿದರು, 41.2 ಉಳಿಯಿತು. ಉಷ್ಣಮಾಪಕಗಳು ಉತ್ಸಾಹಗೊಳ್ಳುವುದು ನಮ್ಮಲ್ಲಿ ಮಾತ್ರವಲ್ಲ ಎಂದು ತಿಳಿದು ಸಮಾಧಾನವಾಯಿತು. ಅಲ್ಲಿಯ ಮನೆಗಳಲ್ಲಿ ಏ.ಸಿ. ವಿರಳ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಗಾಡಿಯ ಏ.ಸಿ. ಇಂಜಿನು ನಡೆಯುವಾಗ ಮಾತ್ರ ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೂ ತಂಪು ಬೇಕಾದರೆ ಮಾಳಿಗೆಯ ಮೇಲೆ ಬೇರೆ ಯಂತ್ರ, ಅದಕ್ಕೆ ಶಿಬಿರತಾಣದ ವಿದ್ಯುತ್ತು. ನಮಗೆ ಎಟುಕುವ ಬಾಡಿಗೆಯ ಗಾಡಿಯಲ್ಲಿ ಅದು ಇರಲಿಲ್ಲ.

ಭೌತಶಾಸ್ತ್ರ ಓದಿದ ಬಿ.ಎಸ್ಸಿ. ಪದವಿಗೆ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಕೆಲಸ ಸಿಕ್ಕಿತು. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಹೆಚ್ಚುಕಡಿಮೆ 1000 ವಾಟ್. ಗಾಡಿಯ ಮಾಳಿಗೆ ಹತ್ತು ಚದರ ಮೀಟರಿಗೂ ಮೇಲೆ. ಬಿಳಿಯ ಬಣ್ಣ ಮುಕ್ಕಾಲು ಪಾಲು ಹಿಂದಕ್ಕೆ ಕಳಿಸಿತೆನ್ನಿ, ಆದರೂ ಎರಡು ರೂಂ ಹೀಟರನ್ನು ಹಚ್ಚಿಟ್ಟಷ್ಟು ಶಾಖ ತಗಡಿಗೆ ಬಂತು. ಗಾಜಿನೊಳಗೆ ನುಗ್ಗಿದ ಬೆಳಕು ಸೀಟು ನೆಲಗಳನ್ನು ಕಾಯಿಸುತ್ತದೆ; ಅವು ಹೊರಡಿಸುವ ಅವಕೆಂಪು ಕಿರಣಕ್ಕೆ ಅದೇ ಗಾಜಿನಲ್ಲಿ ಹೊರದಾರಿಯಿಲ್ಲ. ಒಳಗೆ ಕುಳಿತ ಮನುಷ್ಯನೇ ತಲಾ ನೂರು ವಾಟಿನ ಬಲ್ಬು. ಲೆಕ್ಕ ಸಾಲದೆಂದು ಪ್ರಯೋಗವನ್ನೂ ಮಾಡಿದೆವು. ಏಪ್ರಿಲ್ ಎರಡನೆಯ ಭಾನುವಾರ ಕೆಳಮನೆಯವರ ಹಳೆಯ ಮಾರುತಿ ಓಮ್ನಿಯಲ್ಲಿ ಪ್ರಯೋಗಶಾಲೆಯ ಉಷ್ಣಮಾಪಕವೊಂದನ್ನು ತೂಗುಹಾಕಿ ಕಿಟಕಿ ಏರಿಸಿ ಬೀಗ ಹಾಕಿದೆವು. ಹೊರಗೆ ನೆರಳಿನಲ್ಲಿ 38. ಒಂದು ಗಂಟೆ ಬಿಟ್ಟು ತೆಗೆದರೆ ಒಳಗೆ 55. ಓಮ್ನಿಯ ಯಜಮಾನರಿಗೆ ನಮ್ಮ ಬುದ್ಧಿಯ ಮೇಲೆ ಅಂದಿನಿಂದ ಸಂಶಯ.

ಆದುದರಿಂದ ಯೋಜನೆ ತಿದ್ದಿದೆವು. ಸಾವಿರ ಮೀಟರು ಮೇಲೇರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಹಾಗಾಗಿ ಪ್ಯಾರಿಸ್ಸನ್ನು ಹೊಡೆದುಹಾಕಿ, ಬೋಡನ್‌ಸೇ ಸರೋವರದ ದಂಡೆಯಿಂದ ಆಲ್ಪ್ಸ್ ಹತ್ತಿ ಸ್ವಿಟ್ಜರ್ಲೆಂಡಿಗೆ ಇಳಿಯುವ ದಾರಿ ಹಿಡಿದೆವು. ಆ ದೇಶದ ಹೆದ್ದಾರಿಗೆ 40 ಫ್ರಾಂಕಿನ ಚೀಟಿ. ಯಾವ ದಿನ ಎಲ್ಲಿ ಮುಕ್ಕಾಂ, ನೆರಳು ಎಷ್ಟು, ನೀರು ತುಂಬುವುದು ಎಲ್ಲಿ, ಮಲಿನ ಸುರಿಯುವುದು ಎಲ್ಲಿ ಎಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅರವತ್ತು ಪುಟ ತುಂಬಿತು.

ಒಂದು ಸಂಜೆ, ಗಾಡಿಯ ಅಳತೆ ಮನೆಯವರ ಅನುಭವಕ್ಕೆ ಬರಲೆಂದು ಮಾಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದೆವು. ಉದ್ದ ಆರು ಮೀಟರು, ಅಗಲ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಮುಂದೆ ಚಾಲಕ, ಪಕ್ಕದಲ್ಲಿ ನಮ್ಮಾಕೆ, ಹಿಂದಿನ ಎರಡು ಆಸನ ಮಕ್ಕಳಿಗೆ, ಇಲ್ಲಿ ಒಲೆ, ಇಲ್ಲಿ ಹಾಸಿಗೆ, ಈ ಮೂಲೆ ಪಾಯಖಾನೆ. ಮಗ ಗೆರೆಯ ಮೇಲೆ ಕಾಲಿಟ್ಟರೆ "ಗೋಡೆ ಒಡೀತು" ಎಂದು ಮಗಳು ಕೂಗುವಳು. ಪಾಯಖಾನೆಯ ಡಬ್ಬಿಯನ್ನು ಕೈಯಿಂದಲೇ ಹೊತ್ತು ಸುರಿದುಬರಬೇಕು ಎಂದಾಗ ಎಲ್ಲರೂ ನಮ್ಮ ಮುಖ ನೋಡಿದರು. ಅವ್ವ ಕಾಟಿನ ಮೇಲೆ ಕುಳಿತು ಬೀಸಣಿಗೆ ಆಡಿಸುತ್ತ ಎಲ್ಲ ನೋಡುತ್ತಿದ್ದಳು.

"ಅಡಗಿ ಮಾಡೂದು ಅಲ್ಲೇ, ಅದರ ಬಾಜೂಕ ಅದು, ಅದರ ಮ್ಯಾಲೆ ಹಾಸಿಗಿ. ಥೂ!" ಎಂದಳು. ಆಮೇಲೆ ತಾನೇ ನಗುತ್ತ ಸವಾರಿ ಬಂಡಿಯ ಮಾತು ತೆಗೆದಳು. ನಮ್ಮದು ಸವದತ್ತಿ ತಾಲೂಕಿನ ಹಳ್ಳಿ. ಅವ್ವನ ಕಾಲದಲ್ಲಿ ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದೆಂದರೆ ಚಕ್ಕಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ. ಕೆಳಗೆ ಅಚ್ಚಿಗೆ ಕಂದೀಲು. ಹಿಂದೆ ರೊಟ್ಟಿಯ ಗಂಟು, ಪಾತ್ರೆ, ಎತ್ತಿನ ಹೊಟ್ಟು. ಗುಡ್ಡದ ಮೇಲೆ ಬಂಡಿಯ ನೆರಳಿನಲ್ಲೇ ಮೂರು ಕಲ್ಲು ಹೂಡಿ ಹೋಳಿಗೆ ಕಡಬು ಮಾಡಿ ಪಡ್ಡಲಗಿ ತುಂಬಿಸುವುದು, ಬಂಡಿಯ ಕೆಳಗೇ ಮಲಗುವುದು. ಬೇಸಿಗೆಯಲ್ಲಿ ಲಗ್ನಗಳಿಗೆ ಹೋಗುವುದೂ ಅದರಲ್ಲೇ.

"ಬಿಸಲು ಏರಿದ ಮ್ಯಾಲೆ ಎತ್ತು ನಡಸಬಾರದೋ ತಮ್ಮಾ. ನಸುಕಿನ್ಯಾಗ ಹೂಡಬೇಕು, ಹೊತ್ತು ಏರೂದ್ರಾಗ ಬಿಚ್ಚಬೇಕು. ನೆಳ್ಳು, ನೀರು ಎರಡೂ ಇದ್ದಲ್ಲೆ ಬಿಚ್ಚಬೇಕು."

ನಮ್ಮ ಅರವತ್ತು ಪುಟದ ಸಾರ ಇಷ್ಟೇ ಆಗಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಬರೆದುಕೊಂಡೆವು. ಆಗ ಅವ್ವ ಎದ್ದು ಗೆರೆಯ ಹತ್ತಿರ ಬಂದು, ಮುಂದೆ ಹಿಂದೆ ನೋಡಿ, ತಮಾಷೆಗೋ ನಿಜಕ್ಕೋ, "ಇದರೊಳಗ ನಂದು ಎಲ್ಲೈತಿ?" ಎಂದು ಕೇಳಿದಳು. ಮಕ್ಕಳು ನಕ್ಕರು. ಆಸನ ನಾಲ್ಕೇ ಎಂದು ನಾವು ವಿವರಿಸಿದೆವು. "ಹೂಂ, ಹೌದಲ್ಲ," ಎಂದು ಹೋಗಿ ಕಾಟಿನ ಮೇಲೆ ಕುಳಿತಳು.

ಅವಳ ವ್ಯವಸ್ಥೆಯನ್ನು ಮಾಡಿಯೇ ಇದ್ದೆವು, ಮಾಡದೆ ಏನು! ಮನೆಗೆಲಸದ ಹೆಂಗಸು ಹದಿನಾಲ್ಕು ರಾತ್ರಿ ಬಂದು ಮಲಗುವುದು, ಕೆಳಗಿನ ಯಜಮಾನರು ಬೆಳಿಗ್ಗೆ ಸಂಜೆ ವಿಚಾರಿಸುವುದು, ಕೂಲರಿಗೆ ಹೊಸ ಹುಲ್ಲಿನ ಪರದೆ. ಹಳ್ಳಿಯಲ್ಲಿ ನಮ್ಮ ತಮ್ಮನಿದ್ದಾನೆ, ಕಳಿಸು ಎಂದು ಕರೆಯುತ್ತಲೇ ಇದ್ದ. ಆದರೆ ಬಿತ್ತನೆಯ ಹೊತ್ತಿನಲ್ಲಿ ಅವನು ಬರಲಾರ, ಅವ್ವ ಒಬ್ಬಳೇ ರೈಲನ್ನೂ ಹತ್ತಲಾರಳು ವಿಮಾನವನ್ನೂ ಹತ್ತಲಾರಳು. ನಾವು ಬಿಟ್ಟುಬರಬೇಕೆಂದರೆ ನಾಲ್ಕು ದಿನ. ಸಿಕ್ಕಿರುವ ಹದಿನೈದರಲ್ಲಿ ನಾಲ್ಕು ಹೋದರೆ ಆಲ್ಪ್ಸ್ ಹೋದಂತೆ. ಈ ಲೆಕ್ಕವನ್ನು ನಾವು ಮನಸ್ಸಿನಲ್ಲಿ ಮಾಡಿದ್ದೆವು, ಕಾಗದದ ಮೇಲೆ ಮಾಡಿರಲಿಲ್ಲ.

ಅಂದು ರಾತ್ರಿ, ಬಿಸಿಲಿನಲ್ಲಿ ಗಾಡಿ ಪ್ರವಾಸಿಗರ ಆರೋಗ್ಯದ ಬಗ್ಗೆ ಏನಾದರೂ ಸಿಕ್ಕೀತೆಂದು ಹುಡುಕುತ್ತ ಕುಳಿತವರಿಗೆ 2003ರ ಫ್ರಾನ್ಸಿನ ಸಂಗತಿ ಕಣ್ಣಿಗೆ ಬಿತ್ತು. ಆ ಆಗಸ್ಟಿನ ಬಿಸಿಲಲೆಯಲ್ಲಿ ಅಲ್ಲಿ ಸತ್ತವರು ಸುಮಾರು 15,000. ಹೆಚ್ಚಿನವರು ಮುದುಕರು. ಆಗಸ್ಟ್ ಆ ದೇಶಕ್ಕೆ ದೇಶವೇ ರಜೆ ಹಾಕಿ ಸಮುದ್ರಕ್ಕೆ, ಬೆಟ್ಟಕ್ಕೆ ಹೋಗುವ ತಿಂಗಳು. ಎಷ್ಟೋ ಮನೆಗಳಲ್ಲಿ ಉಳಿದವರು ಹಿರಿಯರೊಬ್ಬರೇ. ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಹೊರವಲಯದ ತಿಯೇ ಎಂಬಲ್ಲಿ, ಕೇಳಿಕೊಂಡು ಯಾರೂ ಬಾರದ 57 ಶವಗಳನ್ನು ಮಣ್ಣು ಮಾಡುವಾಗ ಅಧ್ಯಕ್ಷ ಷಿರಾಕ್ ಅವರೇ ಬಂದು ನಿಂತಿದ್ದರು. ಆಮೇಲೆ ತಜ್ಞರು ವಿಚಾರಣೆ ನಡೆಸಿದಾಗ, ಛಾವಣಿಯ ಕೆಳಗಿನ ಕೊನೆಯ ಮಹಡಿಯಲ್ಲಿ ಮಲಗುತ್ತಿದ್ದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚಾಗಿತ್ತು ಎಂದು ಕಂಡುಬಂತು.

ಕೊನೆಯ ಮಹಡಿ. ನಾವು ತಲೆಯೆತ್ತಿ ನಮ್ಮ ಛಾವಣಿಯನ್ನು ನೋಡಿದೆವು. ಗಾಡಿಯ ತಗಡಿಗೆ ಎಷ್ಟು ವಾಟ್ ಬೀಳುತ್ತದೆಂದು ಲೆಕ್ಕ ಹಾಕಿದ ಮಹಾನುಭಾವರು, ಅವ್ವನ ತಲೆಯ ಮೇಲಿನ ಕಾಂಕ್ರೀಟಿಗೆ ಎಷ್ಟು ಬೀಳುತ್ತದೆಂದು ಹಾಕಿರಲಿಲ್ಲ. ಓಮ್ನಿಯಲ್ಲಿ ತೂಗುಹಾಕಿದ್ದ ಉಷ್ಣಮಾಪಕವನ್ನು ತಂದು ಅವಳ ಕೋಣೆಯ ಗೋಡೆಗೆ ಹಾಕಿದೆವು. ರಾತ್ರಿ ಹನ್ನೊಂದಕ್ಕೆ 34. ಅದು ಇನ್ನೂ ಏಪ್ರಿಲ್.

ಮರುದಿನ ನಮ್ಮಾಕೆಗೆ ಹೇಳಿದಾಗ ಅವಳಿಗೆ ಸಿಟ್ಟು ಬಂತು. "ಇದನ್ನ ಆರು ತಿಂಗಳ ಹಿಂದ ಹೇಳಬೇಕಿತ್ತು. ನಾನ ಉಳಿತೀನಿ, ನೀವು ಮೂರೂ ಮಂದಿ ಹೋಗ್ರಿ," ಎಂದಳು. ಅವಳು ಹೇಳಿದರೆ ಉಳಿಯುವವಳೇ. ಆದರೆ ಆರ್.ಡಿ. ಅವಳದು, ತಮ್ಮ ಅವಳವನು, ಆರು ವರ್ಷದಿಂದ ಅವ್ವನ ಗುಳಿಗೆಯ ಡಬ್ಬಿ, ಉಪ್ಪಿಲ್ಲದ ಸಾರು, ಆಸ್ಪತ್ರೆಯ ಸರತಿ ಎಲ್ಲ ಅವಳ ಪಾಲಿಗೇ ಬಂದಿದೆ. ನಾವು ಕಚೇರಿಗೆ ಹೋಗಿ ಕುಳಿತವರು. ಎರಡು ದಿನ ಮಾತಿಲ್ಲದೆ ಕಳೆದು, ಮೂರನೆಯ ದಿನ ತಮ್ಮನಿಗೆ ತಾನೇ ಫೋನು ಮಾಡಿ, ಗಾಡಿ ನೀನೇ ಓಡಿಸಬೇಕಾಗುತ್ತದೆ ಎಂದಳು. ಅವನಿಗೆ ಸಂತೋಷವೇ ಆಯಿತೆಂದು ನಮ್ಮ ಗುಮಾನಿ. ನಮ್ಮ ಚಾಲನೆಯ ಬಗ್ಗೆ ಅವನಿಗೆ ಮೊದಲಿಂದಲೂ ಧೈರ್ಯವಿರಲಿಲ್ಲ. ಮಗಳು ಮಾತ್ರ, "ಅಪ್ಪಾ, ಪ್ಲಾನ್ ಎಲ್ಲಾ ನಿಮ್ಮದು, ಈಗ ನೀವೇ ಬರೂದಿಲ್ಲ ಅಂದ್ರ ಏನರ್ಥ?" ಎಂದು ಕೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅವ್ವನಿಗೆ ಹೇಳಿದ್ದು ಕೆರೆಯ ದಂಡೆಯಲ್ಲಿ. ಸಂಜೆ ಬಿಸಿಲು ಇಳಿದ ಮೇಲೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೌಜ್ ಖಾಸ್ ಕೆರೆಗೆ ಹೋಗುವುದು ನಮ್ಮ ರೂಢಿ. ಅಲ್ಲಾವುದ್ದೀನ್ ಖಿಲ್ಜಿ ಸಿರಿ ಕೋಟೆಯ ಜನಕ್ಕೆ ನೀರಾಗಲೆಂದು ತೋಡಿಸಿದ್ದು. ಹೂಳು ತುಂಬಿದಾಗ ಫಿರೋಜ್ ಷಾ ತುಘಲಕ್ ತೆಗೆಸಿ, ದಂಡೆಯ ಮೇಲೆ ಮದರಸಾ ಕಟ್ಟಿಸಿ, ಕೊನೆಗೆ ತಾನೂ ಅಲ್ಲೇ ಮಲಗಿದ. 1398ರಲ್ಲಿ ದೆಹಲಿಯನ್ನು ಗೆದ್ದ ತೈಮೂರ ಡೇರೆ ಹಾಕಿದ್ದು ಇದೇ ನೀರಿನ ದಂಡೆಯಲ್ಲಿ. ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಯಾವ ತಿಂಗಳದಾಗ ಬಂದಿದ್ದ?" ಡಿಸೆಂಬರಿನಲ್ಲಿ ಎಂದೆವು. "ಶ್ಯಾಣ್ಯಾ ಇದ್ದ," ಎಂದಳು.

ಆಮೇಲೆ ನಾವು ವಿಷಯ ಹೇಳಿದೆವು. ಅವರು ಮೂವರೂ ಜರ್ಮನಿಗೆ, ನಾವೂ ನೀನೂ ಊರಿಗೆ. ನೀನು ತಮ್ಮನ ಮನೆಯಲ್ಲಿ ಮಳೆಗಾಲ ಪೂರ್ತಿ ಇರಬಹುದು. ಅವ್ವ ಬಹಳ ಹೊತ್ತು ನೀರು ನೋಡುತ್ತ ಕುಳಿತಳು. ನನ್ನ ಸಲುವಾಗಿ ಬಿಡುವುದು ಬೇಡ ಎನ್ನುತ್ತಾಳೆಂದು ನಾವು ಕಾಯುತ್ತಿದ್ದೆವು, ಅದಕ್ಕೆ ಮಾತುಗಳನ್ನೂ ಜೋಡಿಸಿಕೊಂಡಿದ್ದೆವು. ಅವಳು ಹಾಗೆ ಅನ್ನಲಿಲ್ಲ. "ಆ ರಾತ್ರಿ ಬಿದ್ದಾಗಿಂದ ಜೂನ್ ಅಂದ್ರ ನನಗ ಅಂಜಿಕಿ ಬರತೈತಿ," ಎಂದಳು. ಒಂದು ವರ್ಷವೂ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಕಾಗದಗಳನ್ನು ತಿದ್ದಿದ್ದಾಯಿತು. ಇಲಾಖೆಯ ಅನುಮತಿಯ ಅರ್ಜಿ ಹಿಂತೆಗೆದುಕೊಂಡೆವು. ಅದರ ಬದಲು ಸ್ವಂತ ಊರಿನ ಎಲ್.ಟಿ.ಸಿ.ಗೆ ಹಾಕಿದೆವು, ಅವಲಂಬಿತ ತಾಯಿಯ ಹೆಸರೂ ಸೇರಿಸಿ. ರಜೆ ಅದೇ ಹದಿನೈದು ದಿನ. ವೀಸಾಕ್ಕೆ ಮೂವರ ಸಂದರ್ಶನ ಬರುವ ಬುಧವಾರ. ನೋಟ್‌ಬುಕ್ಕು ಮಗನ ಕೈಸೇರಿದೆ. ಗಾಡಿಯಲ್ಲಿ ಮಧ್ಯಾಹ್ನ ಹನ್ನೊಂದಕ್ಕೆ ಎತ್ತು ಬಿಚ್ಚಿಸುವ ಜವಾಬ್ದಾರಿ ಅವನದು. ಅಂತರರಾಷ್ಟ್ರೀಯ ಪರವಾನಗಿ ಕಪಾಟಿನಲ್ಲಿದೆ, ಅವಧಿ ಇನ್ನೂ ಹತ್ತು ತಿಂಗಳಿದೆ. ಸೀಮೆಸುಣ್ಣದ ಗೆರೆಗಳನ್ನು ಮೊನ್ನೆ ಬಂದ ಧೂಳುಮಳೆ ಅರ್ಧ ಅಳಿಸಿದೆ.

ರೈಲಿನ ಮುಂಗಡ ಕಾದಿರಿಸುವಿಕೆ ಈಗ ಅರವತ್ತು ದಿನ ಮೊದಲು ಮಾತ್ರ. ಸಂಪರ್ಕ ಕ್ರಾಂತಿಗೆ ಬೆಳಿಗ್ಗೆ ಎಂಟಕ್ಕೇ ಕುಳಿತು ಒತ್ತಿದರೂ ಬೇಸಿಗೆಯ ನೂಕುನುಗ್ಗಲಿನಲ್ಲಿ ನಮಗೆ ಬಂದದ್ದು ವೇಟಿಂಗ್ ಲಿಸ್ಟ್, 14 ಮತ್ತು 15. ಕೆಳಗಿನ ಬರ್ತು ಸಿಗುತ್ತದೆಯೇ ಎಂದು ಅವ್ವ ದಿನಕ್ಕೆ ಎರಡು ಸಲ ಕೇಳುತ್ತಾಳೆ.